ಪೆನ್ಸಿಲಿನಲ್ಲಿ ಬರೆದ ಹದಿನಾಲ್ಕು

ನವ್ಯಶ್ರೀಗೆ ನಾನು ಕೊಟ್ಟದ್ದು ಹದಿನಾಲ್ಕು. ಸಹಿ ಹಾಕಲೆಂದು ನನ್ನ ಮುಂದೆ ತಂದಿಟ್ಟ ಹಾಳೆಯಲ್ಲಿ ಇದ್ದದ್ದು ಹನ್ನೊಂದು. ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಕಾಗದ ದೊರಗಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಗಲ್ಫಿನ ಫಹಾಹೀಲಿನಲ್ಲಿರುವ ನಮ್ಮ ಇಂಡಿಯನ್ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಗಣಿತಕ್ಕೆ ಪರೀಕ್ಷೆಯಲ್ಲಿ ಎಂಬತ್ತು ಅಂಕ, ವರ್ಷವಿಡೀ ಮಾಡಿದ ಕೆಲಸಕ್ಕೆ ಇಪ್ಪತ್ತು. ಆ ಇಪ್ಪತ್ತನ್ನು ಟೀಚರುಗಳು ಪೆನ್ಸಿಲಿನಲ್ಲೇ ಬರೆದು ಕೊಡಬೇಕು. ಕೂಡುವಾಗ ತಪ್ಪಾದರೆ ತಿದ್ದಲು ಸುಲಭ ಎಂದು ನಾನು ಸೇರಿದ ದಿನವೇ ಹೇಳಿದ್ದರು. ಹನ್ನೆರಡು ವರ್ಷ ಹಾಗೆಯೇ ಬರೆದೆ. ಕೊನೆಗೆ ಹಾಳೆಗಳ ರಾಶಿ ಬಂದಾಗ, ಆಫೀಸಿನವರು ಯಲ್ಲಾ ಯಲ್ಲಾ ಎಂದು ಅವಸರ ಮಾಡಿದಾಗ, ಓದದೆ ಸಹಿ ಹಾಕಿದೆ. ಈ ಸಲ ನವ್ಯಶ್ರೀಯ ಹೆಸರನ್ನು ಹುಡುಕಿ ನೋಡಿದ್ದು ಬರೀ ಖುಷಿಗೆ. ಪರೀಕ್ಷೆಯಲ್ಲಿ ಇಪ್ಪತ್ತೊಂದು, ನನ್ನದು ಹದಿನಾಲ್ಕು, ಒಟ್ಟು ಮೂವತ್ತೈದು. ಪಾಸಾಗಲು ಮೂವತ್ತಮೂರು ಸಾಕು. ಹನ್ನೊಂದಾದರೆ ಒಂದು ಅಂಕಕ್ಕೆ ಫೇಲು.

ಆ ಹದಿನಾಲ್ಕನ್ನು ನಾನು ದಾನ ಮಾಡಿದ್ದಲ್ಲ. ನಾನು ಅರ್ಧ ಅಂಕವನ್ನೂ ಪುಕ್ಕಟೆ ಕೊಡುವವಳಲ್ಲ. ಹೋದ ವರ್ಷ ಇವಳ ಅಣ್ಣ ಸುಮಿತ್ ಇದೇ ಗಣಿತದಲ್ಲಿ ಎರಡು ಅಂಕಕ್ಕೆ ಫೇಲಾದಾಗ, ಕೈಮುಗಿದು ನಿಂತ ತಂದೆಗೆ "ಅಂಕ ಸುಳ್ಳು ಹೇಳುದಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದೆ. ಹುಡುಗ ಟಿ.ಸಿ. ತೆಗೆದುಕೊಂಡು ಪುತ್ತೂರಿನ ಹಾಸ್ಟೆಲ್ ಸೇರಿದ. ಇವಳು ನಿಧಾನ. ಪರೀಕ್ಷೆಯ ಮೂರು ಗಂಟೆ ಇವಳಿಗೆ ಸಾಲುವುದಿಲ್ಲ. ಆದರೆ ಶಾಲೆಯ ತಾರಸಿಯ ನೀರಿನ ಟ್ಯಾಂಕನ್ನು ಟೇಪು ಹಿಡಿದು ಅಳೆದು, ಎಷ್ಟು ಲೀಟರ್ ಹಿಡಿಯುತ್ತದೆಂದು ಲೆಕ್ಕ ಹಾಕಿ, ತಪ್ಪಾಗಿದೆಯೆಂದು ತಾನೇ ಕಂಡುಕೊಂಡು, ಮತ್ತೆ ಮೇಲೆ ಹತ್ತಿ ಅಳೆದವಳು ಇಡೀ ತರಗತಿಯಲ್ಲಿ ಇವಳೊಬ್ಬಳೇ. ಪರೀಕ್ಷೆಯ ಕಣ್ಣಿಗೆ ಬೀಳದ್ದನ್ನು ಕಾಣಲಿಕ್ಕೇ ಅಲ್ಲವೇ ಆ ಇಪ್ಪತ್ತು ಅಂಕ ಇರುವುದು?

ಹಾಳೆ ಹಿಡಿದುಕೊಂಡು ಕೋಆರ್ಡಿನೇಟರ್ ಸಿಲ್ವೆಸ್ಟರ್ ಕೋಣೆಗೆ ನುಗ್ಗಿದೆ.

"ಇದು ಯಾರು ತಿದ್ದಿದ್ದು, ಸರ್?"

"ಕೂತ್ಕೊಳ್ಳಿ ಅಮಿತಾ ಮಿಸ್. ಎಂತ ಇಷ್ಟು ಬಿಸಿ? ಆ ಹುಡುಗಿ ಟೆಂತಿಗೆ ಹೋದ್ರೆ ಬೋರ್ಡ್ ಎಕ್ಸಾಮಲ್ಲಿ ಪಾಸಾಗ್ತದಾ? ನಮ್ಮ ಹಂಡ್ರೆಡ್ ಪರ್ಸೆಂಟ್ ರಿಸಲ್ಟ್ ಹೋಗ್ತದೆ."

"ಅದಕ್ಕೆ ಈಗಲೇ ಫೇಲ್ ಮಾಡುದಾ?"

"ಫೇಲ್ ಎಲ್ಲಿ ಮಾಡಿದ್ದು? ತಂದೆ ಹತ್ರ ಮಾತಾಡಿ ಆಗಿದೆ. ಟಿ.ಸಿ. ಬೇಕು ಅಂತ ಅವರೇ ಲೆಟರ್ ಕೊಟ್ರೆ ಪಾಸ್ ಅಂತ ಬರೆದು ಕೊಡುದು. ಊರಲ್ಲಿ ಸೀಟ್ ಸಿಗ್ತದೆ. ಎಲ್ರಿಗೂ ಒಳ್ಳೇದು. ಖಲಾಸ್."

ಇಲ್ಲಿದ್ದರೆ ಫೇಲು, ತೊಲಗಿದರೆ ಪಾಸು! ಹಾಗಾದರೆ ವರ್ಷವಿಡೀ ಪುಸ್ತಕಗಳ ರಾಶಿ ಹೊತ್ತು ಮನೆಗೆ ಹೋಗಿ ನಾನು ತಿದ್ದಿದ್ದು ಯಾತಕ್ಕೆ? ಗೇಟಿನ ಮೇಲೆ ಕಟ್ಟಿದ 'ನೂರಕ್ಕೆ ನೂರು' ಬ್ಯಾನರನ್ನು ಹರಿದು ತಂದು ಈತನ ಮೇಜಿನ ಮೇಲೆ ಎಸೆಯಬೇಕೆನಿಸಿತು.

ಅಷ್ಟರಲ್ಲಿ ಬಾಗಿಲು ತಟ್ಟಿ ಒಳಗೆ ಬಂದವರು ನವ್ಯಶ್ರೀಯ ತಂದೆ ಕಮಲಾಕ್ಷ. ರಾಯ್ ಎಂಬಲ್ಲಿ ಕೆಲಸಕ್ಕಿದ್ದ ಶೋರೂಮಿನ ಯೂನಿಫಾರ್ಮಿನಲ್ಲೇ ಇದ್ದರು. ಮನೆಮಾತು ತುಳುವಾದರೂ ಟೀಚರುಗಳ ಎದುರು ಅವರದು ಕನ್ನಡವೇ. ಕೈಯಲ್ಲಿದ್ದ ಸ್ವೀಟ್ ಬಾಕ್ಸನ್ನು ನನ್ನ ಮುಂದೆ ಮೇಜಿನ ಮೇಲಿಟ್ಟರು.

"ದೊಡ್ಡ ಉಪಕಾರ ಆಯ್ತು ಟೀಚರ್. ಫೇಲಾದವಳನ್ನು ಪಾಸ್ ಮಾಡಿ ಕೊಡ್ತೇವೆ ಅಂತ ಸರ್ ಹೇಳಿದ್ರು. ಲೆಟರ್ ತಂದಿದ್ದೇನೆ. ಹೆಂಡತಿ ಮೋಹಿನಿ, ಮಗಳು ಇಬ್ರೂ ಬರುವ ವಾರ ಊರಿಗೆ ಹೋಗ್ತಾರೆ. ನಾನು ಮನೆ ಬಿಟ್ಟು ಇರ್ಲಿಕ್ಕೆ ಅರ್ದಿಯಾದಲ್ಲಿ ಶೇರಿಂಗ್ ರೂಮಲ್ಲಿ ಒಂದು ಬೆಡ್ ನೋಡಿ ಆಗಿದೆ."

ಮನೆ ಮುರಿಸಿಕೊಂಡ ಮನುಷ್ಯ ಸ್ವೀಟ್ ತಂದು ಉಪಕಾರ ಎನ್ನುತ್ತಿದ್ದರು! ಸಿಲ್ವೆಸ್ಟರ್ ಮುಂದಿದ್ದ ಪೆನ್ನನ್ನು ಎತ್ತಿಕೊಂಡೆ. ಹನ್ನೊಂದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹದಿನಾಲ್ಕು ಬರೆದು ಸಹಿ ಮಾಡಿದೆ.

"ಲೆಟರ್ ಕೊಡ್ಬೇಡಿ ಕಮಲಾಕ್ಷರೇ. ನಿಮ್ಮ ಮಗಳು ಪಾಸಾಗಿದ್ದಾಳೆ. ಯಾರ ಉಪಕಾರವೂ ಅಲ್ಲ, ಅವಳೇ ಪಾಸಾದದ್ದು. ನಾನು ಪೆನ್ಸಿಲಲ್ಲಿ ಬರೆದದ್ದನ್ನು ಇವರು ಉಜ್ಜಿ ಕಮ್ಮಿ ಮಾಡಿದ್ದು."

ಸಿಲ್ವೆಸ್ಟರ್ ಎದ್ದು ನಿಂತರು. "ಮಿಸ್, ನಿಮಗೆ ಇಲ್ಲಿ ಕೆಲಸ ಬೇಕಾ ಬೇಡ್ವಾ?"

"ಬೇಕು. ಇನ್ನು ಪೆನ್ನಲ್ಲೇ ಬರೆಯುದು" ಎಂದೆ.

ಕಮಲಾಕ್ಷ ಲೆಟರನ್ನು ಮಡಚಿ ಜೇಬಿಗೆ ಹಾಕಿದರು. ಗೆದ್ದೆ ಎಂದುಕೊಂಡೆ. ಆದರೆ ಅವರು ಹೊರಡಲಿಲ್ಲ. ನನ್ನನ್ನೇ ನೋಡುತ್ತ ನಿಂತರು.

"ಟೀಚರ್, ಹೋದ ವರ್ಷ ನಮ್ಮ ಸುಮಿತನ ಅಂಕ ಎಂತದರಲ್ಲಿ ಬರೆದದ್ದು ನೀವು?"

ಸಿಲ್ವೆಸ್ಟರ್ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವರ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ನನ್ನ ಮೇಲೆಯೇ ತಿರುಗಿಬಿತ್ತು. ಆ ಹಾಳೆಗೂ ಓದದೆ ಸಹಿ ಹಾಕಿದವಳು ನಾನೇ. ಸುಮಿತನಿಗೆ ಎಷ್ಟು ಕೊಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

"ಪೆನ್ಸಿಲಲ್ಲಿ" ಎಂದೆ.

ಕಮಲಾಕ್ಷ ನನ್ನ ಮುಂದಿದ್ದ ಸ್ವೀಟ್ ಬಾಕ್ಸನ್ನು ಎತ್ತಿಕೊಂಡು ಹೊರಟುಹೋದರು.