ಸೆಣಬು ಸುತ್ತಿದ ನಟ್ಟು

2024ರ ಜೂನ್ 10, ಸೋಮವಾರ, ಬೆಳಗ್ಗೆ 8 ಗಂಟೆ 20 ನಿಮಿಷ. ಸಿಂಗಟಗೆರೆಯ ರುದ್ರಮೂರ್ತಿ ತನ್ನ ಹಳೆಯ ಮೋಟಾರ್ ಬೈಕನ್ನು ಕಡೂರಿನಲ್ಲಿ ಶ್ರೀವಾಣಿಯವರ ಮನೆ ಮುಂದೆ ನಿಲ್ಲಿಸಿದ. ಅದು 1972ರಲ್ಲಿ ಅವನ ತಂದೆ ಮಲ್ಲಿಕಾರ್ಜುನಪ್ಪನವರು ಕೊಂಡ ಗಾಡಿ. ಹಿಂದೆ ಕೂತಿದ್ದ ಹೆಂಡತಿ ಕೋಮಲಾಗೆ ಹತ್ತು ಗಂಟೆಗೆ ತರೀಕೆರೆಯ ಒಂದು ಶಾಲೆಯಲ್ಲಿ ಸಂದರ್ಶನವಿತ್ತು. ಗೆಳತಿ ಶ್ರೀವಾಣಿಗೆ ಒಂದು ಮಾತು ಹೇಳಿ ಹೊರಡೋಣವೆಂದು ಅವಳೇ ಗಾಡಿ ನಿಲ್ಲಿಸಲು ಹೇಳಿದ್ದಳು.

ಶ್ರೀವಾಣಿ ಐಟಿಐಯಲ್ಲಿ ಯಂತ್ರಗಳ ಪಾಠ ಹೇಳುವವರು. ಗಾಡಿ ಬರುವಾಗಲೇ ಅವರ ಕಿವಿಗೆ ಟಕ್ ಟಕ್ ಸದ್ದು ಬಿದ್ದಿತ್ತು. ಇಂಜಿನ್ ಆರಿಸಲು ಹೇಳಿ, ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳಿಸಿ ಬಗ್ಗಿ ನೋಡಿದರು. ಚೈನು ನೇರವಾಗಿ ಓಡದೆ ಪಕ್ಕಕ್ಕೆ ವಾಲುತ್ತಿತ್ತು. ಇಂಜಿನ್ ಕಡೆಯಿಂದ ಚೈನನ್ನು ಎಳೆಯುವ ಸಣ್ಣ ಹಲ್ಲುಚಕ್ರಕ್ಕೆ ಮುಂದಿನ ಸ್ಪ್ರಾಕೆಟ್ ಎನ್ನುತ್ತಾರೆ. ಅದು ಸಡಿಲವಾಗಿದೆ, ಈಗಲೇ ಅದರ ಮೇಲಿನ ಕವರ್ ಬಿಚ್ಚಿ ನೋಡಬೇಕು ಎಂದರು.

ರುದ್ರಮೂರ್ತಿ ಒಪ್ಪಲಿಲ್ಲ. ಬೋರ್‌ವೆಲ್ಲಿಗೆ ಪೈಪ್ ಇಳಿಸುವುದು ಅವನ ಕಸುಬು. ಹಿಂದಿನ ವಾರ ತಾನೇ ಆ ಚಕ್ರವನ್ನು ಹಿಡಿದಿಡುವ ನಟ್ ಬಿಗಿ ಮಾಡಿದ್ದಾಗಿ ಹೇಳಿದ. ನಟ್ಟು ತಾನಾಗಿ ತಿರುಗದಂತೆ ಅದರ ಕೆಳಗೆ ಹಾಕುವ ಲಾಕ್ ವಾಷರ್ ಹಳೆಯದಾಗಿ, ಅದರ ಕಿವಿ, ಅಂದರೆ ನಟ್ಟಿಗೆ ಒರಗಿಸಿ ಮಡಚುವ ಅಂಚು, ಮುರಿದಿತ್ತಂತೆ. ಅದನ್ನು ಎಸೆದು, ಪೈಪಿನ ಜಾಯಿಂಟಿಗೆ ಸುತ್ತುವ ಹಾಗೆ ನಟ್ಟು ಕೂರುವ ತಿರುಪಿನ ಗೀರುಗಳಿಗೆ, ಅಂದರೆ ಥ್ರೆಡ್ಡಿಗೆ, ಸೆಣಬಿನ ನಾರು ಸುತ್ತಿ, ಬಣ್ಣ ಬಳಿದು ತಿರುಗಿಸಿದ್ದನಂತೆ.

"ಮುನ್ನೂರು ಅಡಿ ಪೈಪ್ ನಿಂತೈತೆ ಕಣ್ರೀ ಆ ನಾರಿನ ಮೇಲೆ. ಈ ಸಣ್ಣ ಚಕ್ರ ನಿಲ್ಲಲ್ವಾ?"

"ಪೈಪ್ ಓಡಲ್ಲ ರುದ್ರಣ್ಣ."

ನಾರು ನೀರು ಸೋರದಂತೆ ತಡೆಯುತ್ತದೆ, ಸರಿ. ಆದರೆ ಇಲ್ಲಿ ನಟ್ಟು ಲೋಹವನ್ನು ಲೋಹಕ್ಕೆ ಒತ್ತಿ ಹಿಡಿಯಬೇಕು. ಗೇರ್ ಬದಲಿಸಿದಾಗಲೆಲ್ಲ ಚೈನು ಜಗ್ಗುತ್ತದೆ, ನಾರು ಜಜ್ಜಿ ಪುಡಿಯಾಗುತ್ತದೆ. ನಟ್ ಕಳಚಿದರೆ ಸ್ಪ್ರಾಕೆಟ್ ಜಾರಿ ಚೈನು ಸಿಕ್ಕಿಕೊಂಡು ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳಬಹುದು. ಬೀರೂರು ದಾಟಿದ ಮೇಲೆ ಹಿಂದೆ ಲಾರಿಗಳು ಬರುವ ರಸ್ತೆ. ಶ್ರೀವಾಣಿ ಇಷ್ಟನ್ನೂ ಮೆಲ್ಲಗೆ ಹೇಳಿದರು.

ನಿಧಾನವಾಗಿ ಹೋಗ್ತೀನಿ ಎನ್ನುತ್ತಾ ರುದ್ರಮೂರ್ತಿ ಕಿಕ್ ಹೊಡೆದ. ಸದ್ದು ಮೊದಲಿಗಿಂತ ಜೋರಾಗಿತ್ತು. ಕೋಮಲಾ ಸೀಟಿನ ಮೇಲೆ ಇಟ್ಟ ಕೈ ತೆಗೆದಳು.

"ನಾನು ಬಸ್ಸಲ್ಲಿ ಹೋಗ್ತೀನಿ ಕಣ್ರೀ. ನೀವು ಕವರ್ ಬಿಚ್ಚಿ."

"ಈಗಿನ ಬಸ್ಸು ಹೋಗಾಯ್ತು, ಮುಂದಿನದು ಹತ್ ಗಂಟೆಗೆ ಮುಟ್ಟಲ್ಲ ಕಣೇ."

"ಮುಟ್ಟದಿದ್ರೆ ಬ್ಯಾಡ."

ಅವಳು ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಶ್ರೀವಾಣಿಯವರ ಮಾತು ಸುಳ್ಳು ಮಾಡಬೇಕೆಂಬ ಸಿಟ್ಟಿನಲ್ಲೇ ರುದ್ರಮೂರ್ತಿ ಸ್ಕ್ರೂಗಳನ್ನು ಬಿಚ್ಚಿದ. ಕವರ್ ಕೈಗೆ ಬಂತು. ನಾರು ಚೈನಿನ ಎಣ್ಣೆಯಲ್ಲಿ ಕಲಸಿದ ಚೂರಾಗಿತ್ತು. ನಟ್ಟನ್ನು ಅವನು ಸ್ಪ್ಯಾನರ್ ಇಲ್ಲದೆ, ಎರಡೇ ಬೆರಳಿನಲ್ಲಿ ತಿರುಗಿಸಿ ತೆಗೆದ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅವಳು ಕೂತಿದ್ಲಲ್ಲಮ್ಮ ಹಿಂದೆ," ಎಂದ.

ಸಂಜೆ ಬೀರೂರಿನಿಂದ ಹೊಸ ಲಾಕ್ ವಾಷರ್ ತಂದ. ಥ್ರೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದ. ಸ್ಪ್ರಾಕೆಟ್ ತಿರುಗದಂತೆ ಗಾಡಿಯನ್ನು ಗೇರಿಗೆ ಹಾಕಿದ, ತರೀಕೆರೆಯಿಂದ ಮರಳಿದ್ದ ಕೋಮಲಾ ಹಿಂದಿನ ಬ್ರೇಕ್ ಒತ್ತಿ ಹಿಡಿದಳು. ಅವನು ಸರಿಯಾದ ಅಳತೆಯ ಸ್ಪ್ಯಾನರಿನಲ್ಲಿ ನಟ್ ಬಿಗಿ ಮಾಡಿ, ವಾಷರಿನ ಕಿವಿಯನ್ನು ನಟ್ಟಿನ ಚಪ್ಪಟೆ ಮೈಗೆ ಒರಗುವಂತೆ ಬಗ್ಗಿಸಿದ. ಕೋಮಲಾ ಬೆಳಗ್ಗೆ ಶಾಲೆಗೆ ತಲುಪುವ ಹೊತ್ತಿಗೆ ಅವಳ ಹೆಸರು ಕರೆದು ಮುಗಿದಿತ್ತು. ಆ ಕೆಲಸ ಬೇರೆಯವರಿಗಾಯಿತು. ಅಜ್ಜಂಪುರದ ಇನ್ನೊಂದು ಶಾಲೆಗೆ ಅವಳು ಅರ್ಜಿ ಹಾಕಿದ್ದಾಳೆ.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ, ಇಂದೇ ಆ ಕವರ್ ಬಿಚ್ಚಿಸಿ ನೋಡಿ. ನಾರು, ತಂತಿ, ಬಟ್ಟೆ ಯಾವುದೂ ಲಾಕ್ ವಾಷರಿಗೆ ಬದಲಿಯಲ್ಲ. ಒಮ್ಮೆ ಬಗ್ಗಿಸಿದ ಕಿವಿಯನ್ನು ಮತ್ತೆ ಬಗ್ಗಿಸಬೇಡಿ, ಹೊಸದು ಹಾಕಿ. ಉಳಿ ಇಟ್ಟು ಸುತ್ತಿಗೆಯಿಂದ ನಟ್ ಹೊಡೆಯಬೇಡಿ. ಕೆಲವು ಗಾಡಿಗಳಲ್ಲಿ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಮೊದಲು ತಿಳಿದವರನ್ನು ಕೇಳಿ. ಸದ್ದು ಬಂದರೆ ಹಿಂದೆ ಕೂತವರನ್ನು ಇಳಿಸಿ, ಗಾಡಿ ನಿಲ್ಲಿಸಿ.

ಆ ದಿನ ರುದ್ರಮೂರ್ತಿ ನಟ್ ತೆಗೆಯುವ ಮೊದಲು ಶ್ರೀವಾಣಿ ಅಳೆದು ನೋಡಿದಾಗ, ನಟ್ಟು ಇನ್ನೂ ಹಿಡಿದುಕೊಂಡಿದ್ದ ಥ್ರೆಡ್ಡಿನ ಉದ್ದ 2 ಮಿಲಿಮೀಟರ್.