ಬೇಡದ ಗಿಡಕ್ಕೆ ಸರದಿ ನೀರು

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೈದು ವರ್ಷ ಕುರ್ಚಿ ಬಿಸಿ ಮಾಡಿ ನಿವೃತ್ತರಾದ ಸಾಹೇಬರು ಮನೆ ಮುಂದಿನ ಹುಲ್ಲನ್ನೆಲ್ಲ ಕಿತ್ತೆಸೆದು ಅಲ್ಲೊಂದು ಗಿಡ ನೆಟ್ಟರು. ಊರಾಚೆಯ ಕಲ್ಲುಗುಡ್ಡದ ಮೇಲೆ ತಾನೇ ತಾನಾಗಿ ಬೆಳೆಯುವ ನೀಲಿ ಹೂವಿನ ಗಿಡ. ಒಮ್ಮೆ ಬೇರು ಹಿಡಿಯಿತೆಂದರೆ ಎಂಥ ಬಿಸಿಲಿಗೂ ಜಗ್ಗದು. ವರ್ಷವರ್ಷವೂ ಅದೇ ಬುಡದಿಂದ ಚಿಗುರಿ ಹೂ ಬಿಡುತ್ತದೆ. ಮಾರಿದ ನರ್ಸರಿಯಾಕೆ ಹೇಳಿದ್ದು ಇಷ್ಟೇ: “ಬೇರು ಹಿಡಿಯೋವರೆಗೆ ಸ್ವಲ್ಪ ನೀರು ಕೊಡಿ ಸಾರ್. ಆಮೇಲೆ ಅದರ ತಂಟೆಗೇ ಹೋಗಬೇಡಿ.”

ಸಾಹೇಬರು ಬೀದಿಯಲ್ಲೆಲ್ಲ ಡಂಗುರ ಸಾರಿದರು. “ಬೇರು ಹಿಡಿದ ಮೇಲೆ ಒಂದು ತೊಟ್ಟು ನೀರೂ ಹಾಕಲ್ಲ. ಹೂ ಬಿಡುತ್ತೆ, ಬಂದು ನೋಡಿ!” ಬೇಸಿಗೆಯ ಕೊನೆಯ ಭಾನುವಾರ ಬರುತ್ತೇವೆ, ಹೂ ಕಂಡರೆ ಬಡಾವಣೆಯ ಪಾರ್ಕನ್ನು ನಿಮ್ಮ ಉಸ್ತುವಾರಿಗೇ ಒಪ್ಪಿಸುತ್ತೇವೆ ಎಂದರು ನಿವಾಸಿಗಳ ಸಂಘದ ಅಧ್ಯಕ್ಷರು. ಸಾಹೇಬರಿಗೆ ಬೇಕಾಗಿದ್ದೂ ಅದೇ. ನಿವೃತ್ತಿಯಾದ ಮೇಲೆ ಅವರ ಸಹಿ ಬೇಕೆಂದು ಒಂದು ನರಪಿಳ್ಳೆಯೂ ಬಾಗಿಲು ತಟ್ಟಿರಲಿಲ್ಲ. ಆ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಗಿಡ ಬೇರು ಹಿಡಿಯಿತು, ಮೊಗ್ಗೂ ಬಿಟ್ಟಿತು. ಸಾಹೇಬರ ನೆಮ್ಮದಿ ಮಾತ್ರ ಹಾಳಾಯಿತು. ಬೆಳಿಗ್ಗೆ ನೋಡಿದರೆ ಗಿಡ ಚೆನ್ನಾಗಿದೆ. ಸಂಜೆ ನೋಡಿದರೂ ಚೆನ್ನಾಗಿದೆ. ಅವರಿಂದ ಅದಕ್ಕೆ ಏನೆಂದರೆ ಏನೂ ಬೇಕಿಲ್ಲ. ಇಂಥ ಅವಮಾನವನ್ನು ಯಾವ ಅಧಿಕಾರಿ ತಾನೇ ಸಹಿಸಿಯಾನು?

“ಯಾಕೋ ಬಾಡಿದ ಹಾಗಿದೆ ಕಣೇ,” ಎಂದರು ಹೆಂಡತಿಗೆ.

“ಗಿಡ ಗಟ್ಟಿಯಾಗೇ ಇದೆ, ಬಾಡಿರೋದು ನೀವು. ಅದರ ಪಾಡಿಗೆ ಅದನ್ನ ಬಿಟ್ಟುಬಿಡಿ ರೀ,” ಎಂದಳು ಆಕೆ, ಬಟ್ಟೆ ಮಡಿಸುತ್ತಾ.

ಬಿಟ್ಟಾರೆಯೇ! ಕಚೇರಿಯ ಪದ್ಧತಿಯಂತೆ ಒಂದು ಸರದಿ ಪಟ್ಟಿ ಬರೆದು ಬಚ್ಚಲಮನೆಯ ಬಾಗಿಲ ಹಿಂದೆ ಅಂಟಿಸಿದರು. ದಿನ ಬಿಟ್ಟು ದಿನ, ಬೆಳಿಗ್ಗೆ ಐದೂವರೆಗೆ, ಒಂದು ಚೊಂಬು. ಅಕ್ಕಪಕ್ಕದವರು ಏಳುವ ಮುಂಚೆ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಸುರಿದು ಬರುವುದು. ಮಣ್ಣು ಒದ್ದೆಯಿದ್ದರೂ ಸರಿಯೇ, ಸರದಿ ಅಂದರೆ ಸರದಿ. ನೀರಿಗಾಗಿ ಬಾಯಿ ಬಾಯಿ ಬಡಿದುಕೊಂಡ ಬೀದಿಗಳಿಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ನೀರು ಬಿಡದ ಮನುಷ್ಯ, ಬೇಡವೆಂದ ಗಿಡಕ್ಕೆ ನಿಮಿಷ ತಪ್ಪದೆ ಬಿಟ್ಟರು.

ಹತ್ತು ದಿನಕ್ಕೆ ಎಲೆ ಹಳದಿಯಾಯಿತು. ಬಾಯಾರಿಕೆ ಇರಬೇಕೆಂದು ಸಾಹೇಬರು ಎರಡು ಚೊಂಬು ಮಂಜೂರು ಮಾಡಿದರು. ಮೊಗ್ಗು ಉದುರಿದವು. ದಿನವೂ ಮೂರು ಚೊಂಬು ಎಂದು ಪಟ್ಟಿ ತಿದ್ದಿದರು.

“ಕೊಂದುಬಿಡ್ತೀರಿ ರೀ ಅದನ್ನ.”

“ನೀರಿನ ವಿಷಯ ನನಗೇ ಹೇಳಿಕೊಡ್ತೀಯಾ?”

ಭಾನುವಾರ ಅಧ್ಯಕ್ಷರು ನರ್ಸರಿಯಾಕೆಯನ್ನೂ ಕರೆದುಕೊಂಡೇ ಬಂದರು. ಗಿಡ ನೆಲಕ್ಕೆ ಒರಗಿತ್ತು.

“ನಾನಂತೂ ಒಂದು ತೊಟ್ಟೂ ಹಾಕಿಲ್ಲ. ಗಿಡವೇ ಕಳಪೆ,” ಎಂದರು ಸಾಹೇಬರು, ಕಣ್ಣು ಮಿಟುಕಿಸದೆ.

ನರ್ಸರಿಯಾಕೆ ಬುಡ ಹಿಡಿದು ಮೆಲ್ಲಗೆ ಎತ್ತಿದಳು. ಕಪ್ಪಗೆ ಕೊಳೆತ ಬೇರು ಕೆಸರಿನ ಸಮೇತ ಕೈಗೆ ಬಂತು. ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಅಧ್ಯಕ್ಷರು ಒಮ್ಮೆ ಕೆಮ್ಮಿ, ಪಾರ್ಕಿನ ವಿಷಯ ಮುಂದೆ ನೋಡೋಣ ಎಂದರು.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ನಾಟಕವಲ್ಲ, ಅವರಿಗೆ ನಿಜಕ್ಕೂ ಅಳು ಬಂದಿತ್ತು.

“ಅಷ್ಟು ಚೆನ್ನಾಗಿ ನೋಡಿಕೊಂಡೆನಲ್ಲ!” ಎಂದು ಹೆಂಡತಿಯ ಕಡೆ ತಿರುಗಿದರು. “ನೀನಾದರೂ ಹೇಳೇ. ಮೂವತ್ತೈದು ವರ್ಷ ನಿನ್ನನ್ನ ನೋಡಿಕೊಂಡೋನೂ ನಾನೇ ತಾನೇ? ಗುಂಡುಕಲ್ಲಿನ ಹಾಗಿಲ್ವಾ ನೀನು?”

“ಆವಾಗ ನೀವು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ಬರ್ತಾ ಇದ್ದಿದ್ದು ಸಂಜೆ ಏಳಕ್ಕೆ. ಅದಕ್ಕೇ ಉಳ್ಕೊಂಡೆ,” ಎಂದಳು ಆಕೆ. “ಇನ್ಮೇಲೆ ನನ್ನ ಗತಿ ಏನೋ.”