ಮಿನುಗುವ ಮೀನಿನ ಹರಕೆ

ಮಾವ ರೂಯ್-ಥ್ಯೆನ್ ತೈನಾನ್ ನಗರದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಆಮೇಲೆ ಅವರ ಜೀವವೆಲ್ಲ ಗಾಜಿನ ತೊಟ್ಟಿಯಲ್ಲೇ. ಪ್ರಯೋಗಾಲಯದಲ್ಲಿ ತಳಿಗುಣ ತಿದ್ದಿದ ಮೀನುಗಳವು. ನೀಲಿ ದೀಪ ಹಾಕಿದರೆ ಕೆಂಪಗೆ, ಹಸಿರಾಗಿ ಮಿನುಗುತ್ತಿದ್ದವು. ಊಟಕ್ಕೆ ಕರೆದರೂ ಮಾವ ಏಳುತ್ತಿರಲಿಲ್ಲ.

ಅವರಿಗೆ ಹೃದಯದ ಆಪರೇಷನ್ ನಿಗದಿಯಾದಾಗ ಅತ್ತೆ ಹರಕೆ ಹೊತ್ತರು. ಆಪರೇಷನ್ ನಡೆಯುವಾಗ ಆ ಮೀನುಗಳನ್ನೆಲ್ಲ ಹೊಳೆಗೆ ಬಿಡುವುದು. ಸೆರೆಯಲ್ಲಿದ್ದ ಜೀವ ಬಿಡಿಸಿದರೆ ಪುಣ್ಯ ಕಾಯಿಲೆಯವರಿಗೆ ಸಲ್ಲುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಉಳಿದವರೆಲ್ಲ ಸಂತೆಯ ಮೀನು ತಂದು ಬಿಡುತ್ತಾರೆ. ನಮ್ಮತ್ತೆಗೆ ಅದು ಸಾಲದು.

"ಇವನ್ನ ಹೊಳೆಗೆ ಬಿಡಂಗಿಲ್ಲ ಅತ್ತೆ, ಅಲ್ಲಿನ ಮೀನಿನ ತಳಿ ಕೆಡುತ್ತೆ ಅಂತ ಕಾನೂನಿದೆ."

"ನಿಮ್ಮ ಮಾವನ ಜೀವಕ್ಕಿಂತ ನಿನ್ನ ಕಾನೂನು ದೊಡ್ಡದೇನೇ? ಮೈಯಲ್ಲೇ ಬೆಳಕಿಟ್ಕೊಂಡು ಹುಟ್ಟಿದ ಜೀವ ಕಣೆ, ಪುಣ್ಯಾನೂ ಹೆಚ್ಚು."

ನನಗೆ ಸಿಟ್ಟು ನೆತ್ತಿಗೇರಿತು. ಆಪರೇಷನ್ ದಿನ ಬೆಳಗ್ಗೆ ಗಂಡ ಮಾವನ ಜೊತೆ ಆಸ್ಪತ್ರೆಯಲ್ಲಿದ್ದ. ಅತ್ತೆ ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟರು. ಜಗಳವಾಡುತ್ತಲೇ ಹಿಂದೆ ಹೋದೆ.

ದಂಡೆಯಲ್ಲಿ ಕೂತು ಅತ್ತೆ ಮಂತ್ರ ಹೇಳಿದರು. ಸೌಟಿನಲ್ಲಿ ಮೂರು ಕೆಂಪು ಮೀನು ತೆಗೆದು ಮೆತ್ತಗೆ ನೀರಿಗೆ ಬಿಟ್ಟರು. ಆ ಕೆಸರು ನೀರಿನಲ್ಲಿ ಅವು ಸಾರಿನಲ್ಲಿ ತೇಲುವ ಮೆಣಸಿನಕಾಯಿಯ ಹಾಗೆ ಎದ್ದು ಕಂಡವು. ಪಕ್ಕದಲ್ಲೇ ನಿಂತಿದ್ದ ಬೆಳ್ಳಕ್ಕಿ ಎರಡು ಹೆಜ್ಜೆ ಇಟ್ಟು ಮೂರನ್ನೂ ನುಂಗಿತು. ಅಡಗಿಕೊಳ್ಳುವುದು ಅವಕ್ಕೆ ಹೇಗೆ ಗೊತ್ತಿರಬೇಕು! ಇಷ್ಟು ದಿನ ನಾನು ಹೊಳೆ ಕೆಡುತ್ತದೆ ಎಂದಷ್ಟೇ ವಾದಿಸಿದ್ದೆ. ಮೀನಿನ ಪಾಡು ನನಗೂ ಹೊಳೆದಿರಲಿಲ್ಲ.

ಅತ್ತೆ ಉಳಿದ ಮೀನಿದ್ದ ಬಕೆಟ್ಟನ್ನು ಮಡಿಲಿಗೆಳೆದುಕೊಂಡು ಮೇಲೆ ಸೆರಗಿನಂತೆ ತಮ್ಮ ಕೋಟು ಹೊದಿಸಿದರು.

"ನನ್ನ ಕೈಲಾಗಲ್ಲ ಕಣೆ. ಹರಕೆ ಮುರೀತು. ಅವರಿನ್ನೂ ಡಾಕ್ಟರ ಕತ್ತಿ ಕೆಳಗಿದಾರೆ."

ನಾನು ಹೇಳಿದ್ದೇ ಸರಿಯಾಯಿತು ಎಂದು ಕುಟುಕಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಅದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಅವರ ಭಯ ನನಗೂ ಅಂಟಿತು. ಫೋನ್ ಕೈಯಲ್ಲಿ ಹಿಡಿದೇ ಕಾದೆ.

ಮಧ್ಯಾಹ್ನದ ಹೊತ್ತಿಗೆ ಗಂಡನ ಫೋನ್ ಬಂತು.

"ಅತ್ತೆ, ಆಪರೇಷನ್ ಚೆನ್ನಾಗಾಯ್ತಂತೆ! ಮಾವ ಹುಷಾರಾಗಿದಾರೆ!"

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಸಂತೋಷಕ್ಕೆ ಅಳು ಬಂತು. ಆಮೇಲೆ ಅವರು ಕಣ್ಣೊರೆಸಿಕೊಂಡು ಬೆಳ್ಳಕ್ಕಿಯ ಕಡೆ ನೋಡಿದರು. ಅದು ಇನ್ನೂ ಅಲ್ಲೇ ನಿಂತಿತ್ತು.

"ಹರಕೆ ತೀರದೇನೇ ಅವರು ಉಳಿದ್ರು," ಎಂದರು. "ಹಾಗಾದ್ರೆ ಆ ಮೂರನ್ನ ನಾನು ಯಾಕೆ ಕೊಂದೆ, ಹೇಳೇ?"